ಬೀರಪ್ಪನ ರುಮಾಲಿಗೆ ಚುಚ್ಚಿದ ಪದಕಗಳು

ನನ್ನ ತಮ್ಮನ ಪದಕಗಳ ಸುದ್ದಿ ತೆಗೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಉರಿಯಬಾರದೆ?

ಕುರಿ ಕಾಯುವ ಮನೆತನ ನಮ್ಮದು. ನಿಜಾಮನ ಕಾಲದಲ್ಲಿ ತಮ್ಮ ದಂಡಿನ ಪಲ್ಟಣ ಸೇರಿದ್ದ. ಸಿಂಗಾಪುರವೆಂಬ ನಡುಗಡ್ಡೆಗೆ ಜಪಾನಿಯರು ನುಗ್ಗಿದಾಗ ಸೆರೆ ಸಿಕ್ಕ. ಯುದ್ಧ ಮುಗಿದು ನಮ್ಮೂರು ದಾಳಿಂಬಕ್ಕೆ ಬಂದಾಗ ಅವನ ಪಕ್ಕೆಲುಬು ಎಣಿಸುವಂತಿದ್ದವು. ಅವ್ವ ಕೆನ್ನೆ ಸವರಿ ಕೇಳಿದಳು: "ಅಲ್ಲಿ ಏನ್ ಉಂಡ್ಯೋ ನನ್ನಪ್ಪಾ?"

ಸುಳ್ಳು ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ಅವನಿಗೆ ಸುಳ್ಳು ಬರುತ್ತಿರಲಿಲ್ಲ. "ಹುಲ್ಲು ಕುದಿಸಿ ಉಂಡೀವಿ. ಬಸವನಹುಳ ಉಂಡೀವಿ. ಒಮ್ಮೆ ಇಲೀನೂ," ಎಂದ. ಕುಲದೇವರು ಬೀರಪ್ಪನ ಪೂಜಾರಿಯಾಗಿದ್ದ ನಮ್ಮ ದೊಡ್ಡಪ್ಪ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದ. ಮರುದಿನವೇ ಹೇಳಿಕಳಿಸಿದ: ಅಂಥದ್ದು ಉಂಡವನು ಗುಡಿಯೊಳಗೆ ಬರಕೂಡದು, ದೇವರ ಊಟದ ಸಾಲಿನಲ್ಲಿ ಕೂಡಕೂಡದು. ನಮ್ಮಲ್ಲಿ ಆ ಸಾಲಿನಿಂದ ಎದ್ದವನು ಕುಲದಿಂದಲೇ ಎದ್ದಂತೆ. ಅವನಿಗೆ ಹೆಣ್ಣು ಕೊಡುವವರಿಲ್ಲ, ಹೆಣಕ್ಕೆ ಹೆಗಲು ಕೊಡುವವರೂ ಇಲ್ಲ.

"ಬಿಡಕ್ಕಾ, ಹಬ್ಬದ ಹೊತ್ತಿಗಿ ಕರೀತಾರ," ಎನ್ನುತ್ತಿದ್ದ ತಮ್ಮ. ಆ ಸಾಲು ಬಿಟ್ಟರೆ ಅವನಿಗೆ ಬೇರೆ ಏನೂ ಬೇಕಿರಲಿಲ್ಲ.

ಅಷ್ಟರಲ್ಲಿ ಸರಕಾರದವರು ಉದಗೀರಿಗೆ ಕರೆಸಿ ಪದಕ ಕೊಟ್ಟರು. ಬಣ್ಣದ ಪಟ್ಟಿ, ಒಂದರ ಮೇಲೆ ಬಿಳಿಯರ ಬಾದಶಹನ ಮುಖ. ಊರಿಗೆ ಊರೇ ನೋಡಲು ಬಂತು. ದೊಡ್ಡಪ್ಪನೂ ಬಂದು ತಿರುಗಿಸಿ ತಿರುಗಿಸಿ ನೋಡಿದ. "ಇವು ಮನ್ಯಾಗ ಇಡೂ ವಸ್ತು ಅಲ್ಲ. ದೇವರ ಮೈಮ್ಯಾಲ ಇರಬೇಕು," ಎಂದು ಒಯ್ದೇಬಿಟ್ಟ. ತಮ್ಮ ಹಿಗ್ಗಿದ. ಪದಕಗಳ ಹಿಂದೆಯೇ ತನ್ನನ್ನೂ ಒಳಗೆ ಕರೆಯುತ್ತಾರೆಂದು ತಿಳಿದಿದ್ದ, ಹುಚ್ಚಪ್ಪ.

ದೇವರ ಊಟದ ದಿನ ಬೀರಪ್ಪನ ರುಮಾಲಿಗೆ ಪದಕ ಚುಚ್ಚಿ, ಭಂಡಾರದ ಅರಿಶಿನ ಹಚ್ಚಿದ್ದರು. ಉಣ್ಣುವವರ ಸಾಲಿಗೆ ಉದ್ದಕ್ಕೂ ಕಂಬಳಿ ಹಾಸಿದ್ದರು. ತಮ್ಮನಿಗೆ ಮಾತ್ರ ಗುಡಿಯ ಹೊರಗೆ, ಬರಿನೆಲದ ಮೇಲೆ ಎಲೆ ಹಾಕಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಸುಳ್ಳಲ್ಲ. ನಾನು ಒಳಗೆ ನುಗ್ಗಿ ಪದಕ ಕಿತ್ತುಕೊಂಡೆ.

"ದೇವರ ಮೈಮ್ಯಾಲಿನದಕ್ಕ ಕೈ ಹಾಕ್ತಿ?" ದೊಡ್ಡಪ್ಪ ಗದರಿದ.

"ಅಂವಾ ಹೊರಗಂದ್ರ ಇವೂ ಹೊರಗ. ನಿಮಗ ಅಂವಾ ಮೈಲಿಗಿ, ಅಂವನ ಪದಕದ ಬಿಲ್ಲಿ ಮಡಿ, ಹೌದಿಲ್ಲೋ? ನಾಚಿಕಿ ಬರಬೇಕು ನಿಮಗ," ಎಂದೆ.

ಕಂಬಳಿಯಿಂದ ಒಬ್ಬನೂ ಏಳಲಿಲ್ಲ. ಹೊರಬಂದು ಪದಕಗಳನ್ನು ತಮ್ಮನ ಮುಂದೆ ಹಾಕಿದೆ. ಅವನು ಅವುಗಳತ್ತ ನೋಡಲಿಲ್ಲ. ಒಳಗಿನ ಸಾಲನ್ನೇ ನೋಡುತ್ತಿದ್ದ.

"ಅಕ್ಕಾ," ಎಂದ, "ನಮ್ಮನ್ನ ಸೆರಿ ಹಿಡದಿಟ್ಟವರು ಸೈತ ಎಲ್ಲಾರಿಗೂ ಒಂದ ಸಾಲಿನ್ಯಾಗ ಉಣ್ಣಾಕ ಹಾಕ್ತಿದ್ರು."