ಕೊಲಂಬಿನ ಹರಳಿನ ನೀರು

ಕಾಯಿಲೆಯನ್ನು ಮೊದಲು ಕಂಡದ್ದು ನನ್ನ ಅತ್ತೆ. ಅತ್ತೆಯೆಂದರೆ ತಂದೆಯ ತಂಗಿ. ಎಳೆಯ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದು, ಅಂದಿನಿಂದ ಅಡಿಗೆಮನೆಯ ಸರ್ವಾಧಿಕಾರ ವಹಿಸಿಕೊಂಡವರು. ನಾನು ಉಂಡೆದ್ದ ಮೇಲೆ ಹೆಂಗಸರು ಉಣ್ಣುವುದು ನಮ್ಮ ಕ್ರಮ. ಆದ್ದರಿಂದ ನನ್ನ ಹೆಂಡತಿ ಪಾರ್ವತಿ ಎಷ್ಟು ಉಣ್ಣುತ್ತಾಳೆ ಎಂಬುದು ಮದುವೆಯಾದಂದಿನಿಂದ ನನ್ನ ಅಧಿಕಾರವ್ಯಾಪ್ತಿಗೆ ಬಂದ ವಿಷಯವೇ ಅಲ್ಲ.

"ಅವಳ ಎಲೆಯಲ್ಲಿ ಅನ್ನ ಹಾಗೇ ಉಳಿಯುತ್ತದೆ," ಎಂದರು ಅತ್ತೆ.

"ಸೆಕೆಗೆ ಇರಬಹುದು," ಎಂದೆ.

"ಉಂಡದ್ದೂ ನಿಲ್ಲುವುದಿಲ್ಲ ಮಾರಾಯ. ನೀನು ಕೋರ್ಟಿಗೆ ಹೋದ ಮೇಲೆ ಬಚ್ಚಲಿನ ಹಿಂದೆ ಹೋಗಿ ವಾಂತಿ ಮಾಡ್ತಾಳೆ."

ನಾನು ಕಾಸರಗೋಡಿನಲ್ಲಿ ವಕೀಲರೊಬ್ಬರ ಗುಮಾಸ್ತ. ಊರವರ ಗಡಿ ತಗಾದೆಗಳೆಲ್ಲ ನನಗೆ ಬಾಯಿಪಾಠ. ನನ್ನ ಬಚ್ಚಲಿನ ಹಿಂದೆ ನಡೆಯುವುದು ಗೊತ್ತಿರಲಿಲ್ಲ.

ಪೇಟೆಯ ಡಾಕ್ಟರು ಮಿಕ್ಸ್ಚರ್ ಕೊಟ್ಟರು. ಅದೂ ನಿಲ್ಲಲಿಲ್ಲ. ರೈಲಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದೆ. ಎಕ್ಸ್-ರೇ ತೆಗೆದರು. ಆಪರೇಷನ್ ಬೇಕೆಂದರು. ಬಹಳ ಹೊತ್ತು ಹಿಡಿಯುತ್ತದೆ ಎಂದು ನರ್ಸು ಹೇಳಿದ್ದಳು, ಆದರೆ ನಾನು ಬೆಂಚಿನಲ್ಲಿ ಸರಿಯಾಗಿ ಕೂರುವುದರೊಳಗೆ ಎಂಬಂತೆ ಮುಗಿದುಹೋಯಿತು. ನನಗೆ ಸಂತೋಷವಾಯಿತು. ಇಷ್ಟು ವರ್ಷ ಕೋರ್ಟಿನ ಜಗಲಿಯಲ್ಲಿ ಕೂತವನಿಗೆ, ಬೇಗ ಮುಗಿಯುವ ಕೇಸು ಎಂಥದ್ದು ಎಂದು ತಿಳಿಯಬೇಕಿತ್ತು.

"ತೆರೆದು ನೋಡಿದೆವು. ಹಾಗೆಯೇ ಹೊಲಿದೆವು."

ಡಾಕ್ಟರು ಇಷ್ಟು ಹೇಳಿ ಕೈ ಒರೆಸಿಕೊಂಡರು. ಗಡ್ಡೆ ಹರಡಿತ್ತಂತೆ. "ಮನೆಗೆ ಕರೆದುಕೊಂಡು ಹೋಗಿ. ಹೊಟ್ಟೆಯಲ್ಲಿ ಯಾವುದು ನಿಲ್ಲುತ್ತದೋ ಅದನ್ನು ಕೊಡಿ."

ವಾರ್ಡಿಗೆ ಹೋದೆ. ಪಾರ್ವತಿಗೆ ಎಚ್ಚರವಾದಾಗ ಮೊದಲು ಕೇಳಿದ್ದೇ ಅದು.

"ಡಾಕ್ಟರು ಎಂತ ಹೇಳಿದ್ದು?"

"ಸರಿಯಾಗ್ತದಂತೆ."

"ಹೌದಾ," ಎಂದು ಗೋಡೆಯ ಕಡೆ ತಿರುಗಿದಳು. ಸುಳ್ಳು ಸಾಕ್ಷಿ ಹೇಳುವವರನ್ನು ನಾನು ಎಷ್ಟೋ ಕಂಡಿದ್ದೇನೆ. ನನ್ನಷ್ಟು ಕೆಟ್ಟದಾಗಿ ಹೇಳಿದವರನ್ನು ಕಂಡಿಲ್ಲ.

ಮನೆಗೆ ಬಂದ ಮೇಲೆ ನಿಲ್ಲುವ ವಸ್ತುವಿನ ಶೋಧನೆ ಶುರುವಾಯಿತು. ಗಂಜಿ ತಿಳಿ, ಬಾರ್ಲಿ, ಹಾಲು, ಎಳನೀರು ಒಂದೊಂದಾಗಿ ಹಾಜರಾಗಿ ಒಂದೊಂದಾಗಿ ಹೊರಬಿದ್ದವು. ಅವಳ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನಾನು ಕೋರ್ಟಿಗೆ ರಜೆ ಹಾಕಿ ಮನೆಯೊಳಗೆ ಸುಮ್ಮನೆ ತಿರುಗುತ್ತಿದ್ದೆ. ನನ್ನಿಂದ ಯಾರಿಗೂ ಉಪಯೋಗವಿರಲಿಲ್ಲ. ಅತ್ತೆ ಅದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದರು.

ಆಗ ಸಿಲೋನಿನ ಕೊಲಂಬಿನಲ್ಲಿ ಹೋಟೆಲಿಟ್ಟಿದ್ದ ಭಾವ, ಪಾರ್ವತಿಯ ಅಣ್ಣ, ತಂಗಿಯನ್ನು ನೋಡಲು ಬಂದರು. ಅವರ ಚೀಲದಲ್ಲಿ ಅಗಲ ಬಾಯಿಯ ಗಾಜಿನ ಬಾಟ್ಲಿ. ಅದರೊಳಗೆ ಬೆಲ್ಲದ ನೀರು. ನೀರಿನ ತಳದಲ್ಲಿ ನೆನೆದ ಸಬ್ಬಕ್ಕಿಯಂಥ ಹರಳು.

"ಇದಕ್ಕೆ ಜೀವ ಉಂಟು ಭಾವ," ಎಂದರು. "ಬೆಲ್ಲದ ನೀರು ತಿಂದು ಬೆಳೀತದೆ. ಎರಡು ದಿನ ಬಿಟ್ಟು ಸೋಸಿ ಕೊಡಿ. ಅಲ್ಲಿ ಒಬ್ಬ ಬಿಳಿ ದೊರೆಯ ಹೆಂಡತಿ ಇದರಲ್ಲೇ ಎದ್ದು ಕೂತಳು."

"ನೊರೆ ಬರ್ತದಲ್ಲ. ಇದು ಕಳ್ಳಲ್ಲವಾ?" ಎಂದರು ಅತ್ತೆ.

ಮದ್ರಾಸು ಸರಕಾರ ಪಾನನಿರೋಧ ತಂದಿದ್ದ ಕಾಲ. ವಕೀಲರ ಗುಮಾಸ್ತನಾಗಿ ನಾನೂ ಬಾಟ್ಲಿಯನ್ನು ಸ್ವಲ್ಪ ಸಂಶಯದಿಂದಲೇ ನೋಡಿದೆ. ಆದರೆ ಪಾರ್ವತಿ ಕೈ ಚಾಚಿದಳು. ಅಣ್ಣ ಕೊಟ್ಟ ಅರ್ಧ ಲೋಟ ಕುಡಿದಳು. ನಾವು ಮೂವರೂ ಅವಳ ಮುಖವನ್ನೇ ನೋಡುತ್ತ ಕೂತೆವು.

ನಿಂತಿತು.

ಮರುದಿನದಿಂದ ಅದರ ಸಂಪೂರ್ಣ ಹೊಣೆ ನನ್ನದಾಯಿತು. ಅಲ್ಲಿಯವರೆಗೆ ನಾನು ಒಲೆ ಹೊತ್ತಿಸಿದವನೂ ಅಲ್ಲ. ಬೆಲ್ಲ ಕರಗಲೆಂದು ನೀರು ಕುದಿಸಿ, ಆರುವ ಮೊದಲೇ ಹರಳಿನ ಮೇಲೆ ಹೊಯ್ದೆ. ಅರ್ಧ ಪಾಲು ಅಂದೇ ಸತ್ತಿತು. ಮುಚ್ಚಳ ಬಿಗಿದೆ, ಅದು ಅಟ್ಟಕ್ಕೆ ಹಾರಿತು. ಆಮೇಲೆ ತೆಳು ಬಟ್ಟೆ ಕಟ್ಟಿದೆ. ಭಾವ ಎರಡು ದಿನವೆಂದಿದ್ದರು. ಕಷಾಯ ಬತ್ತಿದಷ್ಟೂ ಗುಣ ಹೆಚ್ಚಲ್ಲವೇ ಎಂದು ನಾನು ಇನ್ನೂ ಎರಡು ದಿನ ಇಟ್ಟು ಸೋಸಿದೆ. ಬಾಟ್ಲಿಗೆ ಕಿವಿ ಕೊಟ್ಟು ಗುಳ್ಳೆಗಳ ಸದ್ದು ಕೇಳಿದೆ. ಮೂಸಿದೆ. ಗಾಢವಾಗಿತ್ತು. ತೃಪ್ತಿಯಾಯಿತು.

"ಹೇಗುಂಟು?"

ಪಾರ್ವತಿ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. "ಒಳ್ಳೇದುಂಟು."

ಅಂದಿನಿಂದ ಮನೆಯಲ್ಲಿ ನನಗೊಂದು ಉದ್ಯೋಗವಾಯಿತು. ಬೆಲ್ಲ ಕೆರೆಯುವುದು, ನೀರು ಆರಿಸುವುದು, ಹರಳು ತೊಳೆಯುವುದು. ಇದನ್ನೆಲ್ಲ ಅವಳ ಮಂಚದ ಪಕ್ಕದಲ್ಲೇ ಮಾಡುತ್ತಿದ್ದೆ, ಬೆಳಕು ಅಲ್ಲಿ ಚೆನ್ನಾಗಿ ಬೀಳುತ್ತಿತ್ತು. ಅವಳು ಮಲಗಿದಲ್ಲಿಂದ, "ಕೆಳಗೆ ಚೆಲ್ತದೆ, ನೋಡಿ," ಎನ್ನುತ್ತಿದ್ದಳು. ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಹೊತ್ತು ಒಂದೇ ಕೋಣೆಯಲ್ಲಿ ಕೂತದ್ದು ಇಲ್ಲ.

ಗ್ರಹಣ ಬಂತು. ಗ್ರಹಣಕ್ಕೆ ಮನೆಯಲ್ಲಿ ಬೇಯಿಸಿದ್ದು, ನೆನೆಸಿದ್ದು ಎಲ್ಲ ಚೆಲ್ಲಬೇಕು. ಅತ್ತೆ ಬಾಟ್ಲಿಗೆ ಕೈ ಹಾಕಿದರು. ನಾನು ಅಡ್ಡ ಬಂದೆ. ಇದು ಆಹಾರವೆಂದು ಅವರ ವಾದ, ಪ್ರಾಣಿಯೆಂದು ನನ್ನದು. ಕೋರ್ಟಿನಲ್ಲಿ ಕಲಿತ ಪಟ್ಟುಗಳನ್ನೆಲ್ಲ ಹಾಕಿದೆ. ಅತ್ತೆ ಬಗ್ಗಲಿಲ್ಲ. ಅದು ಹೋದರೆ ಪಾರ್ವತಿಗೆ ಬೇರೇನೂ ಇರಲಿಲ್ಲ, ಭಾವ ಆಗಲೇ ಕೊಲಂಬಿಗೆ ಮರಳಿದ್ದರು.

ಮಂಚದಿಂದ ಪಾರ್ವತಿ ಕೇಳಿದಳು. "ಗ್ರಹಣ ಹಿಡಿಯಿತೂಂತ ಹಟ್ಟಿಯ ದನವನ್ನು ಹೊರಗೆ ಹಾಕ್ತೀರಾ ಅತ್ತೆ?"

ಅತ್ತೆ ಬಾಟ್ಲಿಯಿಂದ ಕೈ ತೆಗೆದರು. ಒಳಗೆ ಹೋಗಿ ದರ್ಭೆಯ ಕಡ್ಡಿ ತಂದು, ಗ್ರಹಣದ ದೋಷ ತಟ್ಟದಂತೆ ಬಾಟ್ಲಿಯ ಬಾಯಿಯ ಮೇಲಿಟ್ಟರು. ನಾನು ಕಂಡ ತೀರ್ಪುಗಳಲ್ಲಿ ಅಷ್ಟು ಚಿಕ್ಕದು ಬೇರೆಯಿಲ್ಲ.

ಹರಳು ಬೆಳೆಯಿತು. ಒಂದು ಬಾಟ್ಲಿ ಎರಡಾಯಿತು. ಅವಳು ಕರಗಿದಳು. ಲೋಟ ಅರ್ಧ ಲೋಟವಾಯಿತು, ಅರ್ಧ ಲೋಟ ಚಮಚವಾಯಿತು. ಚಮಚದ ಲೆಕ್ಕಕ್ಕೆ ಬಂದ ಮೇಲೂ, "ಹೇಗುಂಟು?" ಎಂದು ಕೇಳುತ್ತಿದ್ದೆ. ತುಟಿ ಅಲುಗುತ್ತಿತ್ತು.

ಒಂದು ಬೆಳಿಗ್ಗೆ ಚಮಚ ತುಟಿಗಿಟ್ಟೆ. ನೀರು ಬಾಯಿಯ ಮೂಲೆಯಿಂದ ಹೊರಗೆ ಬಂತು. ಒರೆಸಿದೆ. ಇನ್ನೊಂದು ಚಮಚ ಹಾಕಿದೆ. ಅದೂ ಬಂತು. ಅತ್ತೆ ನನ್ನ ಕೈಯಿಂದ ಚಮಚ ತೆಗೆದುಕೊಂಡರು.

"ಸಾಕು ಮಗಾ."

ಉತ್ತರಕ್ರಿಯೆ ನಡೆದು, ಬೊಜ್ಜದ ಊಟ ಮುಗಿಸಿ ನೆಂಟರು ಹೋದರು. ಮನೆ ತೊಳೆದಾಯಿತು. ಕಿಟಕಿಯಲ್ಲಿ ಬಾಟ್ಲಿ ನೊರೆ ಬಿಡುತ್ತಲೇ ಇತ್ತು. ಕೈ ಸುಮ್ಮನಿರದೆ ಹೊಸ ಬೆಲ್ಲದ ನೀರು ಮಾಡಿದೆ, ನಾಲ್ಕನೆಯ ದಿನ ಸೋಸಿದೆ, ಲೋಟಕ್ಕೆ ಹೊಯ್ದೆ. ಲೋಟ ಹಿಡಿದು ನಿಂತಾಗ, ಕುಡಿಯುವವರು ಯಾರೂ ಇಲ್ಲವೆಂಬುದು ಗೊತ್ತಾಯಿತು. ನಾನೇ ಕುಡಿದೆ.

ಗಂಟಲು ಸುಟ್ಟಿತು. ಹಲ್ಲು ಚುಳ್ಳೆಂದಿತು. ಕಣ್ಣಲ್ಲಿ ನೀರು ಬಂತು. ಅದು ಹುಳಿಯ ನೀರು. ಇನ್ನೊಬ್ಬರಿಗೆ ಬಡಿಸುವುದನ್ನು ಮಾಡುವವರು ರುಚಿ ನೋಡುವ ಕ್ರಮ ನಮ್ಮ ಮನೆಯಲ್ಲಿ ಇಲ್ಲ, ಎಂಜಲಾಗುತ್ತದೆ. ಇಷ್ಟು ಕಾಲ ನಾನು ಅದನ್ನು ನಾಲಗೆಗೆ ತಾಗಿಸಿಕೊಂಡೇ ಇರಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇದನ್ನು ಅವಳು ಹೇಗೆ ಕುಡಿದಳು?" ಎಂದೆ.

"ನೀನು ಮಾಡಿದ ಮೊದಲ ದಿನವೇ ನನ್ನ ಹತ್ತಿರ ಹೇಳಿದ್ದಳು. 'ವಿಪರೀತ ಹುಳಿ ಅತ್ತೆ. ಅವರಿಗೆ ಹೇಳಬೇಡಿ.'"

"ಯಾಕಂತೆ?"

"'ಮಾಡಲಿ. ಅವರಿಗೆ ಮಾಡಲಿಕ್ಕೆ ಎಂತಾದರೂ ಬೇಕಲ್ಲ,' ಅಂದಳು."

ಅತ್ತೆ ಒಳಗೆ ಹೋದರು. ನಾನು ಲೋಟವನ್ನು ಖಾಲಿ ಮಾಡಿದೆ.

ಒಂದು ಮಾತು ಮಾತ್ರ ನಿಜ. ನೀರು ಅವಳ ಹೊಟ್ಟೆಯಲ್ಲಿ ನಿಂತಿತ್ತು. ವಾಂತಿಗೆಂದು ಮಂಚದ ಕೆಳಗಿಟ್ಟ ಬೇಸಿನ್ನು ತೊಳೆಯುತ್ತಿದ್ದವನು ನಾನೇ, ಅದರಲ್ಲಿ ಮೋಸವಿರಲಿಲ್ಲ. ಮಂಗಳೂರಿನ ಡಾಕ್ಟರು ಕೊಡದ ದಿನಗಳನ್ನು ಅದೇ ಕೊಟ್ಟಿತೋ, ಅವಳ ಹಟ ಕೊಟ್ಟಿತೋ ನಾನರಿಯೆ. ದಿನಗಳಂತೂ ಸಿಕ್ಕಿದವು. ಸಿಕ್ಕಿದ್ದಕ್ಕೆ ಋಣಿ.

ಈಗ ಎರಡೇ ದಿನಕ್ಕೆ ಸೋಸುತ್ತೇನೆ. ಸಣ್ಣ ತುಂಡು ಶುಂಠಿ ಹಾಕುತ್ತೇನೆ. ಹುಳಿ ಹದವಾಗಿ ನಿಲ್ಲುತ್ತದೆ, ಕೊನೆಗೆ ನಾಲಗೆಯ ತುದಿಯಲ್ಲಿ ಬೆಲ್ಲದ ಸಿಹಿ ಸ್ವಲ್ಪ ಉಳಿಯುತ್ತದೆ. ಒಳ್ಳೇದುಂಟು.