ಏಳನೇ ಮಂಚದ ನಾಡಿ

ಆಯಾ ಆ ಸಿಸ್ಟರನ್ನು ಮೊದಲು ಕಂಡದ್ದು ತನ್ನ ಗಂಡ ತೀರಿಕೊಂಡ ದಿನ. ಇಪ್ಪತ್ತಾರು ವರ್ಷದ ಹಿಂದಿನ ಮಾತು. ಆಗ ಇವಳಿನ್ನೂ ಆಯಾ ಆಗಿರಲಿಲ್ಲ, ಅವಳೂ ಹಿರಿಯ ಸಿಸ್ಟರ್ ಆಗಿರಲಿಲ್ಲ. ಆಸ್ಪತ್ರೆಯ ಎರಡನೇ ಮಹಡಿಯ ಉದ್ದನೆಯ ವಾರ್ಡಿನಲ್ಲಿ, ಬಾಗಿಲ ಪಕ್ಕದ ಮಂಚದಲ್ಲಿ ಗಂಡ ಮಲಗಿದ್ದ. ಜ್ವರ ಇಳಿದಿತ್ತು. ಹಾಲು ಕುಡಿದು, ನೀನು ನೋಡಿಕೊಂಡ ಚಂದಕ್ಕೆ ಜ್ವರವೇ ಹೆದರಿ ಓಡಿತು ಎಂದು ಹೆಂಡತಿಯನ್ನು ಕೆಣಕುವಷ್ಟು ಸುಧಾರಿಸಿದ್ದ. ಅಷ್ಟರಲ್ಲಿ ಒಬ್ಬ ನರ್ಸ್ ಬಂದಳು, ಮುಖದಲ್ಲಿ ಮೊಡವೆ ಮಾಸದ ಹುಡುಗಿ. ಹೊದಿಕೆಯ ತುದಿ ಎತ್ತಿ, ಕೈಯ ಹಿಂಬದಿಯನ್ನು ಅವನ ಕಾಲ್ಬೆರಳಿಗೆ ತಾಗಿಸಿದಳು. ಆಮೇಲೆ ಹಿಮ್ಮಡಿಗೆ, ಆಮೇಲೆ ಮೀನಖಂಡಕ್ಕೆ. ಹೋಗಿ ಡಾಕ್ಟರನ್ನು ಕರೆತಂದಳು. ಇವಳಿಗೆ, ಮನೆಯವರು ಯಾರಾದರೂ ಇದ್ದರೆ ಈಗಲೇ ಕರೆಸಿ ಎಂದಳು.

ಸಂಜೆ ಗಂಡ ಹೋದ. ಆದರೆ ಮಗಳು ಶಾಲೆಯಿಂದ ಬಂದು ಅಪ್ಪನ ಹತ್ತಿರ ಒಂದು ಗಂಟೆ ಕೂತಿದ್ದಳು. ಆ ಒಂದು ಗಂಟೆಯನ್ನು ಕೊಟ್ಟದ್ದು ಆ ಹುಡುಗಿಯ ಕೈ.

ಎಲ್ಲ ಮುಗಿದ ಮೇಲೆ ಅದೇ ಹುಡುಗಿ ಇವಳನ್ನು ಬೆಂಚಿನ ಮೇಲೆ ಕೂರಿಸಿ ಮಣಿಕಟ್ಟು ಹಿಡಿದಳು.

"ನಿಮ್ಮ ನಾಡಿ ಎಡವುತ್ತೆ, ಗೊತ್ತಾ ಅಕ್ಕಾ? ಹತ್ತು ಹೆಜ್ಜೆ ಸರಿಯಾಗಿ ಹಾಕಿ, ಹನ್ನೊಂದನೇದು ಮರೆತುಬಿಡುತ್ತೆ."

"ಅಂದ್ರೆ ನಾನೂ ಹೋಗ್ತೀನಾ?"

"ಇಲ್ಲ ಇಲ್ಲ. ಕೆಲವರದು ಹಾಗೇ. ಕುಂಟ್ಕೊಂಡೇ ನೂರು ವರ್ಷ ನಡೆಯುತ್ತೆ."

ಎರಡು ತಿಂಗಳಾದ ಮೇಲೆ ಅವಳೇ ಹೇಳಿಕಳಿಸಿ ವಾರ್ಡಿನಲ್ಲಿ ಆಯಾ ಕೆಲಸ ಕೊಡಿಸಿದಳು. ಇವಳಿಗೆ ತನ್ನ ಹೆಸರು ಬರೆಯಲು, ಅಂಕಿ ಓದಲು ಬರುತ್ತಿತ್ತು, ಅಷ್ಟೆ. ಆದರೆ ಕೆಲಸದಲ್ಲಿ ಲೆಕ್ಕ ತಕ್ಕಡಿಯಷ್ಟು ಸರಿ. ಯಾವ ಮಂಚದವರು ಎಷ್ಟು ನೀರು ಕುಡಿದರು, ಯಾರ ಬೆನ್ನು ಎಲ್ಲಿ ಕೆಂಪಾಗಿದೆ ಎಂದು ಕೇಳಿದರೆ ಬರೆದಿಟ್ಟವರಿಗಿಂತ ಮೊದಲು ಹೇಳುತ್ತಿದ್ದಳು.

ಸಿಸ್ಟರ್ ಬೆಳಿಗ್ಗೆ ಬಂದವಳೇ ಚೀಲವನ್ನೂ ಇಳಿಸದೆ ಹದಿನಾಲ್ಕು ಮಂಚಗಳ ಪಾದ ಮುಟ್ಟಿಕೊಂಡು ಬರುತ್ತಿದ್ದಳು. ಮಂಚದ ಕಾಲಬದಿಗೆ ಹಲಗೆಯಲ್ಲಿ ತೂಗುತ್ತಿದ್ದ ಹಾಳೆಯ ಅಂಚಿನಲ್ಲಿ ಬೆಚ್ಚಗೆ, ತಣ್ಣಗೆ ಎಂದು ಬರೆಯುತ್ತಿದ್ದಳು. ಇವರು ಚಪ್ಪಲಿ ಅಂಗಡಿ ಇಡಬೇಕಾಗಿತ್ತು, ತಪ್ಪಿ ಇಲ್ಲಿಗೆ ಬಂದರು ಎಂದು ನೆಲ ಒರೆಸುವವನು ನಗುತ್ತಿದ್ದ. ಕೊನೆಗೆ ಆಯಾಳ ಮಣಿಕಟ್ಟು ಹಿಡಿದು, ಕುಂಟು ಕುದುರೆ ಹೇಗಿದೆ ಎಂದು ಕೇಳದಿದ್ದರೆ ಸಿಸ್ಟರಿಗೆ ಬೆಳಗಾಗುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಕೈಪಟ್ಟಿಗಳು ಬಂದವು. ಬೂದು ಬಣ್ಣದವು, ಗಡಿಯಾರದ ಹಾಗೆ ಕಟ್ಟುವಂಥವು. ರೋಗಿಯ ನಾಡಿ, ಉಸಿರು, ಮೈಬಿಸಿ ಎಲ್ಲ ಅದರಿಂದ ಮೇಜಿನ ಮೇಲಿನ ದೊಡ್ಡ ಪರದೆಗೆ ಹೋಗುತ್ತಿತ್ತು. ಡಾಕ್ಟರು ಎಲ್ಲಿದ್ದರೂ ಅವರ ಮೊಬೈಲಿಗೂ ಹೋಗುತ್ತಿತ್ತು. ಪರದೆಯಲ್ಲಿ ಮಂಚಕ್ಕೊಂದು ಚೌಕ. ಹಸಿರಿದ್ದರೆ ಕ್ಷೇಮ, ಹಳದಿಯಾದರೆ ಎಚ್ಚರ, ಕೆಂಪಾದರೆ ಓಡಬೇಕು. ಆಯಾಳಿಗೆ ಮೊದಮೊದಲು ಅದು ಇಷ್ಟವೇ ಆಯಿತು. ಅಕ್ಷರ ಬಾರದವಳೂ ಓದಬಹುದಾದ ಪುಸ್ತಕ ಅದೊಂದೇ.

ಪರದೆ ನೋಡಿಕೊಳ್ಳುತ್ತದಲ್ಲ ಎಂದು ಆರು ಜನ ನರ್ಸುಗಳಲ್ಲಿ ಮೂವರನ್ನು ಬೇರೆ ಕಡೆ ಕಳಿಸಿದರು. ಮಂಚದ ಹಾಳೆಗಳನ್ನು ತೆಗೆದರು. ಪರದೆಯಲ್ಲಿ ಎಲ್ಲದಕ್ಕೂ ಜಾಗವಿತ್ತು, ಬೆಚ್ಚಗೆ, ತಣ್ಣಗೆ ಎಂದು ಬರೆಯಲು ಜಾಗವಿರಲಿಲ್ಲ. ಯಾರನ್ನು ಮೊದಲು ನೋಡಬೇಕು ಎಂದು ಅದೇ ಸಾಲು ಹಾಕಿಕೊಡುತ್ತಿತ್ತು, ಹಸಿರಿನವರು ಕೊನೆಗೆ. ವಾರ್ಡು ಮೌನವಾಯಿತು. ಹಸಿರು ಚೌಕದ ಮುದುಕರು ಮಧ್ಯಾಹ್ನದ ತನಕ ಬಾಗಿಲನ್ನೇ ನೋಡುತ್ತ ಮಲಗಿರುತ್ತಿದ್ದರು. ಸಿಸ್ಟರ್ ಮಾತ್ರ ಸಮಯ ಕದ್ದು ಪಾದ ಮುಟ್ಟುವುದನ್ನು ಬಿಡಲಿಲ್ಲ.

ಪಟ್ಟಿಗೊಂದು ಕೆಟ್ಟ ಗುಣವಿತ್ತು. ಮೈ ಒರೆಸುವಾಗ ಬಿಚ್ಚಿದರೆ ಪರದೆಯ ಗಂಟೆ ಬಡಿದುಕೊಳ್ಳುತ್ತಿತ್ತು. ಎಷ್ಟು ಸಲ ಬಡಿಯಿತು ಎಂಬ ಲೆಕ್ಕ ಮೇಲಿನವರಿಗೆ ಹೋಗಿ, ಅವರು ಸಿಸ್ಟರನ್ನು ಕರೆಸಿ ಕೇಳುತ್ತಿದ್ದರು. ಸಿಸ್ಟರಿನ ಮುಖ ಸಪ್ಪಗಾದದ್ದನ್ನು ನೋಡಲಾರದೆ ಆಯಾಳೇ ಒಂದು ದಾರಿ ಕಂಡುಕೊಂಡಳು. ರೋಗಿಯ ಕೈಯಿಂದ ಬಿಚ್ಚಿದ ಪಟ್ಟಿಯನ್ನು ಕ್ಷಣ ತಡೆಯದೆ ತನ್ನ ಕೈಗೇ ಕಟ್ಟಿಕೊಂಡು ಮೈ ಒರೆಸುವುದು, ಮುಗಿದೊಡನೆ ತಿರುಗಿ ಕಟ್ಟುವುದು. ಪಟ್ಟಿಗೆ ಬೇಕಾದದ್ದು ಒಂದು ನಾಡಿ, ಯಾರದಾದರೇನು. ಉಳಿದ ಆಯಾಗಳಿಗೂ ಹೇಳಿಕೊಟ್ಟಳು. ನರ್ಸುಗಳ ಕಿವಿಗೆ ಬೀಳದಂತೆ ನೋಡಿಕೊಂಡರು. ಗಂಟೆ ನಿಂತಿತು. ನಿಮ್ಮ ಕೈಗೆ ಏನು ಬಂತೋ, ಪಟ್ಟಿಗಳು ಮಾತು ಕೇಳುತ್ತಿವೆ ಎಂದು ಸಿಸ್ಟರ್ ಹೊಗಳಿದಳು. ಆಯಾ ಹಿಗ್ಗಿದಳು.

ಆ ದಿನ ಏಳನೇ ಮಂಚದಲ್ಲಿ ಒಬ್ಬ ದರ್ಜಿ ಇದ್ದ. ಇನ್ನು ಎರಡು ದಿನಕ್ಕೆ ಮನೆಗೆ ಹೋಗುವವನು. ಮಲಗಿದಲ್ಲಿಂದಲೇ ಎಲ್ಲರ ಬಟ್ಟೆಯ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಿದ್ದ. ಆಯಾಳ ಸಮವಸ್ತ್ರದ ಎಡತೋಳು ಬಲಕ್ಕಿಂತ ಒಂದಿಂಚು ಉದ್ದ, ಹೊಲಿದವನ ಕೈ ಮುರಿಯ ಎಂದು ಬೆಳಿಗ್ಗೆ ಎಂಟಕ್ಕೆ ನಕ್ಕಿದ್ದ. ಅವನ ಪಟ್ಟಿ ಬಿಚ್ಚಿ ತನ್ನ ಎಡಗೈಗೆ ಕಟ್ಟಿಕೊಂಡು ಆಯಾ ಮೈ ಒರೆಸಿದಳು. ಬೆನ್ನು ಮುಗಿಯುವಷ್ಟರಲ್ಲಿ ಬಚ್ಚಲಿನಲ್ಲಿ ಎರಡನೇ ಮಂಚದ ಅಜ್ಜ ಬಿದ್ದ ಸದ್ದು ಕೇಳಿತು. ದರ್ಜಿಯ ಹೊದಿಕೆಯನ್ನು ಕತ್ತಿನ ತನಕ ಎಳೆದು ಓಡಿದಳು. ಅಜ್ಜನ ಹಣೆಯ ರಕ್ತ ಒರೆಸಿ, ಎಕ್ಸ್‌ರೇಗೆ ಕರೆದೊಯ್ದು, ನೆಲ ತೊಳೆದು, ಒದ್ದೆ ಬಟ್ಟೆಗಳನ್ನು ಹಿಂದಿನ ಕೋಣೆಗೆ ಹೊತ್ತಳು. ಉದ್ದನೆಯ ಎಡತೋಳು ಪಟ್ಟಿಯ ಮೇಲೆ ಇಳಿದು ಕೂತಿತ್ತು.

ಒಂಬತ್ತಕ್ಕೆ ಸಿಸ್ಟರ್ ದರ್ಜಿಯ ಪಾದ ಮುಟ್ಟಿದಳು. ತಣ್ಣಗಿತ್ತು. ನಿದ್ದೆಯಲ್ಲಿದ್ದವನ ಹಾಗೆ ಕಂಡ. ಡಾಕ್ಟರಿಗೆ ಫೋನ್ ಮಾಡಿದಳು. ಅವರು ಮೊಬೈಲು ನೋಡಿ, ನಾಡಿ ಎಪ್ಪತ್ತಾರು, ಉಸಿರು ಸರಿ, ಹಸಿರಿದೆ, ಫ್ಯಾನು ಕಡಿಮೆ ಮಾಡಿ ಇನ್ನೊಂದು ಕಂಬಳಿ ಹೊದಿಸಿ ಎಂದರು. ಸಿಸ್ಟರ್ ಪರದೆಯನ್ನು ನೋಡಿದಳು, ತನ್ನ ಕೈಯನ್ನು ನೋಡಿದಳು. ಆಮೇಲೆ ಕಂಬಳಿ ಹೊದಿಸಿದಳು. ಅಷ್ಟರಲ್ಲಿ ಇನ್ನೊಂದು ಚೌಕ ಕೆಂಪಾಯಿತು, ಅತ್ತ ಹೋದಳು.

ಹತ್ತೂಕಾಲಿಗೆ ತಿರುಗಿ ಬಂದು ಹೊದಿಕೆ ಎತ್ತಿದಾಗ ತಣುಪು ಮೊಣಕಾಲಿಗೆ ಏರಿತ್ತು. ಕಣ್ಣು ಅರೆ ತೆರೆದಿತ್ತು. ಅವಳು ಸತ್ತವನ ಕಾಲು ಹಿಡಿದುಕೊಂಡು ನಿಂತಿದ್ದಳು, ಪರದೆಯ ಮೇಲೆ ಅವನ ನಾಡಿ ಓಡುತ್ತಲೇ ಇತ್ತು. ಎಪ್ಪತ್ತಾರು. ಎಪ್ಪತ್ತೈದು. ಹಸಿರು.

ಏಳನೇ ಮಂಚ, ಏಳನೇ ಮಂಚ ಎಂದು ವಾರ್ಡಿನಲ್ಲಿ ಕೂಗಿದ್ದು ಹಿಂದಿನ ಕೋಣೆಯಲ್ಲಿ ಆಯಾಳಿಗೆ ಕೇಳಿತು. ತೋಳು ಸರಿಸಿ ನೋಡಿದಳು. ದರ್ಜಿಯ ಪಟ್ಟಿ ಇನ್ನೂ ಅಲ್ಲೇ ಇತ್ತು. ಪಟ್ಟಿಯನ್ನು ಬಿಚ್ಚಿದಳು. ಗೋಡೆಯಾಚೆ ಪರದೆಯ ಗಂಟೆ ಬಡಿದುಕೊಂಡಿತು, ಏಳನೇ ಚೌಕ ಕೆಂಪಾಯಿತು. ಎಲ್ಲರೂ ಮೈಮೇಲೆ ಬಿದ್ದು ಎದೆ ಒತ್ತುವ ಗದ್ದಲದಲ್ಲಿ ಅವಳು ಹೊದಿಕೆ ಸರಿಪಡಿಸುವವಳ ಹಾಗೆ ಬಗ್ಗಿ, ಆ ತಣ್ಣನೆಯ ಕೈಗೆ ಪಟ್ಟಿ ಕಟ್ಟಿದಳು.

ವಿಚಾರಣೆ ನಡೆಯಿತು. ಒಂಬತ್ತಕ್ಕೇ ತಣ್ಣಗಿತ್ತು ಎಂದು ಸಿಸ್ಟರ್ ಹೇಳಿದಳು. ಹತ್ತೂ ಇಪ್ಪತ್ತರ ತನಕ ನಾಡಿ ಚೆನ್ನಾಗಿತ್ತು, ಆಮೇಲೆ ಒಮ್ಮೆಲೇ ನಿಂತಿದೆ ಎಂದು ದಾಖಲೆ ಹೇಳಿತು. ಪಟ್ಟಿಯನ್ನು ಪರೀಕ್ಷಿಸಿದರು, ಏನೂ ಕೆಟ್ಟಿರಲಿಲ್ಲ. ಯಾರೂ ಬೈಯಲಿಲ್ಲ. ನಿಮಗೆ ಸಕ್ಕರೆ ಕಾಯಿಲೆ ಏನಾದರೂ ಇದೆಯಾ, ಬೆರಳು ಮರಗಟ್ಟುತ್ತದೆಯಾ ಎಂದು ಮೇಲಿನವರು ಬಹಳ ಮರ್ಯಾದೆಯಿಂದ ಕೇಳಿದರು. ಕಾಫಿ ತಟ್ಟೆ ಹಿಡಿದು ನಿಂತಿದ್ದ ಆಯಾ, ಸಿಸ್ಟರ್ ತನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿಕೊಂಡದ್ದನ್ನು ಕಂಡಳು.

ಅವತ್ತೇ ಹೇಳಬೇಕಾಗಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡಳು. ವಾರವಾಯಿತು, ತಿಂಗಳಾಯಿತು.

ಸಿಸ್ಟರ್ ಪಾದ ಮುಟ್ಟುವುದನ್ನು ಬಿಟ್ಟಳು. ಬಂದವಳೇ ಮೇಜಿನ ಮುಂದೆ ಕೂರುವಳು. ಕುಂಟು ಕುದುರೆಯನ್ನೂ ಕೇಳಲಿಲ್ಲ. ಆಯಾ ಮೈ ಒರೆಸುವ ನೆಪದಲ್ಲಿ ಹದಿನಾಲ್ಕು ಜನರ ಪಾದವನ್ನು ತಾನೇ ಮುಟ್ಟತೊಡಗಿದಳು. ಒಂದು ಬೆಳಿಗ್ಗೆ ಮೂರನೇ ಮಂಚದ ಹೆಂಗಸಿನ ಹಿಮ್ಮಡಿ ತಣ್ಣಗಿತ್ತು. ಈ ಸಲ ಪಟ್ಟಿ ಆ ಹೆಂಗಸಿನ ಕೈಯಲ್ಲೇ ಇತ್ತು. ಆಯಾ ಓಡಿಬಂದು ಹೇಳಿದಳು.

"ಹಸಿರು ಇದೆಯಲ್ಲ ಅಕ್ಕಾ," ಎಂದಳು ಸಿಸ್ಟರ್. ತಲೆ ಎತ್ತಲಿಲ್ಲ.

"ಒಂದ್ಸಲ ನೀವೇ ಮುಟ್ಟಿ ನೋಡಿ ಸಿಸ್ಟ್ರೇ."

"ನನ್ನ ಕೈಗೆ ಏನು ಗೊತ್ತಾಗುತ್ತೆ? ಬಿಡಿ."

ಮಧ್ಯಾಹ್ನ ಚೌಕ ಹಳದಿಯಾಗಿ, ಕೆಂಪಾಗಿ, ಆ ಹೆಂಗಸನ್ನು ಗಾಲಿಮಂಚದಲ್ಲಿ ಕೆಳಗೆ ಒಯ್ದರು. ತಿರುಗಿ ಮೇಲೆ ಬರಲಿಲ್ಲ. ಆ ದಿನ ಆಯಾ ಮನೆಗೆ ಹೋಗಿ ಅನ್ನ ಮುಟ್ಟಲಿಲ್ಲ.

ಸಿಸ್ಟರ್ ಕೆಲಸ ಬಿಡುತ್ತೇನೆಂದು ಬರೆದುಕೊಟ್ಟಳು. ಕೊನೆಯ ದಿನ ಅವಳ ಮುಂದೆ ಒಂದು ಕಡತ ಬಂತು. ದರ್ಜಿಯ ಮಗಳು ಅಪ್ಪನ ದಾಖಲೆಯ ಪ್ರತಿ ಕೇಳಿದ್ದಳು, ಹಾಳೆಹಾಳೆಗೂ ಸಿಸ್ಟರಿನ ಸಹಿ ಬೇಕಾಗಿತ್ತು. ನಾಡಿಯ ಗೆರೆ ಎಂಟು ಹಾಳೆ ಉದ್ದಕ್ಕೆ ಅಚ್ಚಾಗಿತ್ತು. ಅವಳು ಸಹಿ ಹಾಕುತ್ತಾ ಹಾಕುತ್ತಾ ಒಂದು ಕಡೆ ನಿಂತಳು. ಹಿಂದಿನ ಹಾಳೆಗೆ ಹೋದಳು, ಮುಂದಿನದಕ್ಕೆ ಬಂದಳು. ಆಮೇಲೆ ಆ ಹಾಳೆ ಹಿಡಿದು ಎದ್ದು, ಆಯಾ ಬಟ್ಟೆ ಮಡಿಸುತ್ತಿದ್ದ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು.

ಆಯಾಳ ಎಡತೋಳನ್ನು ಮೇಲೆ ಸರಿಸಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು. ಎಷ್ಟೋ ತಿಂಗಳಾದ ಮೇಲೆ ಆ ಬೆರಳು ಒಬ್ಬರ ಮೈ ಮುಟ್ಟಿದ್ದು. ಕಣ್ಣು ಗೋಡೆಯ ಗಡಿಯಾರದ ಮೇಲಿರಲಿಲ್ಲ. ಹಾಳೆಯನ್ನು ಮಡಿಸಿದ ಚಾದರಗಳ ಮೇಲೆ ಹರಡಿ, ಇನ್ನೊಂದು ಕೈಯ ಪೆನ್ಸಿಲನ್ನು ಗೆರೆಯ ಮೊನೆಯಿಂದ ಮೊನೆಗೆ ಇಡುತ್ತಾ ಹೋದಳು. ಒಂದು, ಎರಡು, ಮೂರು. ಹತ್ತರ ತನಕ ಹೋಯಿತು. ಹಾಳೆಯ ಮೇಲೆ ಮೊನೆಯಿಲ್ಲದ ಕಡೆ ಪೆನ್ಸಿಲು ನಿಂತಾಗ, ಬೆರಳಿನ ಕೆಳಗೆ ನಾಡಿಯೂ ಎಡವಿತು. ಮತ್ತೆ ಎಣಿಸಿದಳು. ಮತ್ತೆ ಅಲ್ಲೇ.

ಸಿಸ್ಟರ್ ಬೈಯುತ್ತಾಳೆ, ಕೂಗಿ ಜನ ಸೇರಿಸುತ್ತಾಳೆ ಎಂದು ಆಯಾ ಕಾದಳು. ಸಿಸ್ಟರ್ ಮಣಿಕಟ್ಟು ಬಿಡಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಅವತ್ತು ಒಂಬತ್ತು ಗಂಟೇಲಿ ನನ್ನ ಕೈ ಸರಿಯಾಗೇ ಇತ್ತು, ಅಲ್ವಾ ಅಕ್ಕಾ?"