ವಂಶವಾಹಿ

ನಾಗವೇಣಿ ದೊಡ್ಡಬಳ್ಳಾಪುರದಲ್ಲಿ ಮನೆಯ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುವವಳು. ಐದು ವರ್ಷದ ಮಗಳು ಹರ್ಷಿತಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗ ಬೆಂಗಳೂರಿನ ಡಾಕ್ಟರು, "ವಂಶವಾಹಿಯಲ್ಲಿ ಬದಲಾವಣೆ ಆಗಿದೆ" ಎಂದಿದ್ದರು. ಗಂಡ ವಿಜಯ್ ಅದನ್ನು ಮನೆಯಲ್ಲಿ ಹೇಳಿದಾಗ ಅತ್ತೆ ಆದಿಲಕ್ಷ್ಮಮ್ಮನ ಕಿವಿಗೆ ಬಿದ್ದದ್ದು 'ವಂಶ' ಒಂದೇ.

"ನಮ್ಮ ವಂಶದಲ್ಲಿ ಯಾರ್ಗೂ ಇಲ್ಲ. ನಿಮ್ಮಜ್ಜಿ ಯಾತಕ್ಕೆ ಸತ್ತಿದ್ದು, ನಿಜ ಹೇಳೇ."

"ಹಾವು ಕಚ್ಚಿ, ಅತ್ತೆ."

ಅತ್ತೆ ನಂಬಲಿಲ್ಲ. ನಾಗವೇಣಿಯ ತವರಿನ ನೆಂಟರಿಗೆಲ್ಲ ಗುಟ್ಟಾಗಿ ಫೋನು ಹೋಯಿತು. ವಿಜಯ್ ಕೂಡ ಮದುವೆಯ ಫೋಟೊಗಳಲ್ಲಿ ಅವಳ ಕಡೆಯವರ ಸೊರಗಿದ ಮುಖಗಳನ್ನು ಹುಡುಕತೊಡಗಿದ. ಮಗುವಿಗೆ ನೀರು ಕಾಯಿಸುವುದು, ವಾಂತಿ ಬಳಿಯುವುದು, ಬಟ್ಟೆ ಒಗೆಯುವುದು ಮಾತ್ರ ಎಲ್ಲರೂ ಅನುಮಾನಿಸುವ ಆ ಕೈಗಳಿಗೇ ಮೀಸಲಾಗಿತ್ತು.

ಮುಂದಿನ ಸಲ ಮಗುವಿಗೆ ಔಷಧಿ ಕೊಡಿಸಲು ಹೋಗುವಾಗ ನಾಗವೇಣಿ ಹಟ ಹಿಡಿದು ಅತ್ತೆಯನ್ನೂ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಬಿಡಿಸಿ ಹೇಳಿದರು: "ಇದು ಅಪ್ಪ ಅಮ್ಮನಿಂದ ಬಂದದ್ದಲ್ಲಮ್ಮ. ಮಗುವಿನ ರಕ್ತಕಣದಲ್ಲೇ ಆದ ಬದಲಾವಣೆ. ಕೆಲವು ಮಕ್ಕಳಿಗೆ ಹೊಟ್ಟೇಲಿದ್ದಾಗಲೇ ಶುರುವಾಗಿರುತ್ತೆ. ಯಾರ ತಪ್ಪೂ ಅಲ್ಲ. ಈ ಬಗೆಯದು ಔಷಧಿಗೆ ಚೆನ್ನಾಗಿ ಬಗ್ಗುತ್ತೆ."

ನಾಗವೇಣಿಗೆ ಹೋದ ಉಸಿರು ಬಂದಂತಾಯಿತು. ವಾಪಸು ಬರುವಾಗ ಬಸ್ಸು ಯಲಹಂಕ ದಾಟುತ್ತಿದ್ದಂತೆ ಅತ್ತೆ ಕೇಳಿದಳು: "ಹೊಟ್ಟೇಲಿದ್ದಾಗ ಅಂದ್ರಲ್ಲ, ಬಸುರೀಲಿ ನೀನೇನು ತಿಂತಿದ್ದೆ?"

ಮಡಿಲಲ್ಲಿ ಮಲಗಿದ್ದ ಮಗಳ ಬೋಳುತಲೆಗೆ ಸೆರಗು ಹೊದಿಸುತ್ತಾ ನಾಗವೇಣಿ ಹೇಳಿದಳು: "ನೀವೆಲ್ಲ ಉಂಡ್ಮೇಲೆ ಉಳಿದಿದ್ದು, ಅತ್ತೆ."